ರಾತ್ರಿ ಪಾಳಿಯ ಬದಲು ತೊಟ್ಟಿಯ ನೀರು: ಸದಸ್ಯರಿಗೂ ಗ್ರಾಹಕರಿಗೂ ಪತ್ರ

ಮಾನ್ಯ ಸದಸ್ಯರಿಗೆ ಹಾಗೂ ನೀರಿನ ಗ್ರಾಹಕರಿಗೆ ನಮಸ್ಕಾರಗಳು.

ಬರುವ ಯುಗಾದಿಯಿಂದ ಸಂಘದ ಎರಡೂ ಕೊಳವೆಬಾವಿಗಳ ಸೌರ ಪಂಪುಗಳನ್ನು ರಾತ್ರಿ ವೇಳೆ ಓಡಿಸುವುದಿಲ್ಲ. ಹಗಲಿನ ಬಿಸಿಲಿನಲ್ಲಿ ಎತ್ತಿದ ನೀರು ಗುಡ್ಡದ ಮೇಲಿನ 1 ಲಕ್ಷ ಲೀಟರಿನ ಮುಚ್ಚಿದ ತೊಟ್ಟಿಯನ್ನು ಸೇರಿ, ಸಂಜೆ ಮತ್ತು ಬೆಳಗಿನ ಜಾವ ತಾನಾಗಿ ಇಳಿದು ನಿಮ್ಮ ಹನಿ ನೀರಾವರಿ ಪೈಪುಗಳಿಗೆ ಬರುತ್ತದೆ. ತೊಟ್ಟಿ ಹೊಲಗಳಿಗಿಂತ 20 ಮೀಟರ್ ಎತ್ತರದಲ್ಲಿರುವುದರಿಂದ ಚದರ ಸೆಂಟಿಮೀಟರಿಗೆ ಸುಮಾರು 2 ಕೆ.ಜಿ. ಒತ್ತಡ ಸಿಗುತ್ತದೆ. ಫಿಲ್ಟರಿನಲ್ಲಿ ಒಂದಿಷ್ಟು ಕಳೆದರೂ ಹನಿ ನೀರಾವರಿಗೆ ಬೇಕಾದ 1 ಕೆ.ಜಿ. ಒತ್ತಡಕ್ಕೆ ಕೊರತೆಯಾಗದು.

ಇದುವರೆಗೆ ರಾತ್ರಿ ಪಾಳಿ ನಡೆದದ್ದು ಲೆಡ್ ಆಸಿಡ್ ಬ್ಯಾಟರಿಗಳ ಬಲದಿಂದ. ಪಾವಗಡದ ಬೇಸಿಗೆಗೆ ಅವು ಒಗ್ಗಲಿಲ್ಲ. ಉಷ್ಣತೆ 25 ಡಿಗ್ರಿಯನ್ನು ಮೀರಿ ಪ್ರತಿ 10 ಡಿಗ್ರಿ ಏರಿದಂತೆ ಇಂಥ ಬ್ಯಾಟರಿಯ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ತುಂಬಿಸಿದ ವಿದ್ಯುತ್ತಿನಲ್ಲಿಯೂ ಸುಮಾರು ಐದನೇ ಒಂದು ಪಾಲು ಮರಳಿ ಸಿಗುವುದಿಲ್ಲ. ನಮ್ಮ ತಾಲ್ಲೂಕಿನ 2050 ಮೆಗಾವ್ಯಾಟಿನ ಸೌರ ಪಾರ್ಕ್ ಕೂಡ ಹೊತ್ತು ಮುಳುಗಿದ ಮೇಲೆ ಒಂದು ಯೂನಿಟ್ಟನ್ನೂ ಕೊಡಲಾರದು. ಹೀಗಿರುವಾಗ ರಾತ್ರಿಗೆ ನಾವು ಕೂಡಿಡಬೇಕಾದದ್ದು ಕರೆಂಟನ್ನೋ ನೀರನ್ನೋ ಎಂದು ಆಡಳಿತ ಮಂಡಳಿ ಲೆಕ್ಕ ಹಾಕಿ ನೋಡಿತು. 1 ಲಕ್ಷ ಲೀಟರನ್ನು 120 ಮೀಟರ್ ಮೇಲೆತ್ತಲು, ಪಂಪಿನ ದಕ್ಷತೆಯನ್ನು ಅರ್ಧವೆಂದು ಹಿಡಿದರೆ, ಸುಮಾರು 65 ಯೂನಿಟ್ ಬೇಕು. ಹಗಲೇ ತುಂಬಿದ ತೊಟ್ಟಿ ಎಂದರೆ ಅಷ್ಟು ಯೂನಿಟ್ ಕೊಡಬಲ್ಲ ಬ್ಯಾಟರಿಯನ್ನು ನಾವು ಕೊಳ್ಳಬೇಕಾಗಿಲ್ಲ ಎಂದರ್ಥ.

ಆ ನೀರು ಇಳಿಯುವಾಗ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾದರಿಯಲ್ಲಿ ವಿದ್ಯುತ್ತನ್ನೂ ಪಡೆಯಬಾರದೇಕೆ ಎಂದು ಸಭೆಯಲ್ಲಿ ಕೆಲವರು ಕೇಳಿದ್ದರು. ಯೋಚಿಸಿ ಕೇಳಿದ ಪ್ರಶ್ನೆ ಅದು. ಅಲ್ಲಿ ಎತ್ತರ ನೂರಾರು ಮೀಟರ್, ನೀರು ಜಲಾಶಯದಷ್ಟು. ನಮ್ಮ ತುಂಬಿದ ತೊಟ್ಟಿ 20 ಮೀಟರ್ ಇಳಿದರೆ, ಏನೂ ನಷ್ಟವಾಗದಿದ್ದರೂ, ದಕ್ಕುವುದು ಐದೂವರೆ ಯೂನಿಟ್ಟಿಗಿಂತ ಕಡಿಮೆ.

ಎರಡನೆಯ ಬದಲಾವಣೆ ನಿಮ್ಮ ಲೆಕ್ಕಪುಸ್ತಕಕ್ಕೆ ಸಂಬಂಧಿಸಿದ್ದು. ಇನ್ನು ಮುಂದೆ ನೀರಿನ ಪಾಲು ಗಂಟೆಯಲ್ಲಲ್ಲ, ಲೀಟರಿನಲ್ಲಿ. ಸೌರ ಪಂಪು ದಿನವಿಡೀ ಒಂದೇ ಸಮ ನೀರೆತ್ತುವುದಿಲ್ಲ. ಬಿಸಿಲು ಅರ್ಧಕ್ಕಿಳಿದರೆ ನೀರು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ, ಏಕೆಂದರೆ ಮೋಟಾರಿನ ವೇಗ ಒಂದು ಮಿತಿಗಿಂತ ಕೆಳಗಿಳಿದರೆ ಅಷ್ಟು ಆಳದ ನೀರು ಮೇಲಕ್ಕೆ ಬರುವುದೇ ಇಲ್ಲ. ಬೆಳಿಗ್ಗೆ ಎಂಟರ ಪಾಳಿಯವರೂ ನಡುಹಗಲಿನ ಪಾಳಿಯವರೂ ಗಂಟೆಗೆ ಒಂದೇ ಹಣ ಕಟ್ಟುತ್ತಿದ್ದದ್ದು ಅನ್ಯಾಯ. ಅದನ್ನು ಸಂಘ ಬಹಳ ಹಿಂದೆಯೇ ಸರಿಪಡಿಸಬೇಕಿತ್ತು, ತಡವಾದದ್ದಕ್ಕೆ ಕ್ಷಮೆ ಕೋರುತ್ತೇವೆ. ಮುಂಗಡ ಕಟ್ಟಿ ಉಳಿಸಿಕೊಂಡಿರುವ ಗಂಟೆಗಳನ್ನು ನಡುಹಗಲಿನ ಪೂರ್ಣ ಹರಿವಿನ ಲೆಕ್ಕದಲ್ಲಿಯೇ ಲೀಟರಿಗೆ ಬದಲಿಸುತ್ತೇವೆ, ಯಾರಿಗೂ ನಷ್ಟವಾಗದು.

ದಿನಕ್ಕೆ ಎತ್ತುವ ನೀರಿಗೆ 1 ಲಕ್ಷ 20 ಸಾವಿರ ಲೀಟರಿನ ಮಿತಿಯನ್ನೂ ಹಾಕಿದ್ದೇವೆ. ಇದು ಕೆಲವರಿಗೆ ಬೇಸರ ತಂದಿದೆ ಎಂದು ಬಲ್ಲೆವು. ಬಿಸಿಲಿಗೆ ಬಿಲ್ಲು ಬರುವುದಿಲ್ಲ ನಿಜ, ಆದರೆ ಬಿಲ್ಲಿಲ್ಲವೆಂದು ಸಂಜೆಯವರೆಗೂ ಪಂಪು ಓಡಿಸಿದರೆ ಕೊಳವೆಬಾವಿ ಬತ್ತುತ್ತದೆ, ಆಮೇಲೆ ಇನ್ನಷ್ಟು ಆಳಕ್ಕೆ ಕೊರೆಸಬೇಕಾಗುತ್ತದೆ. ಆಳದ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಹೆಚ್ಚಿರುವ ಭಯವಿದೆ; ಅದು ಏನೆಂದು ಈ ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಮಿತಿಯನ್ನು ಸಡಿಲಿಸುವ ಯೋಚನೆ ಮಂಡಳಿಗೆ ಇಲ್ಲ.

ವಾಲ್ವ್, ಮೀಟರ್ ಹಾಗೂ ದೀಪಗಳಿಗಾಗಿ ಒಂದು ಚಿಕ್ಕ ಲಿಥಿಯಂ ಬ್ಯಾಟರಿ ಉಳಿಯುತ್ತದೆ. ಹಳೆಯ ಬ್ಯಾಟರಿಗಳಲ್ಲಿ ಸೀಸ ಇರುವುದರಿಂದ ಅವುಗಳನ್ನು ಅಧಿಕೃತ ಮರುಬಳಕೆದಾರರಿಗೇ ಒಪ್ಪಿಸುತ್ತೇವೆ. ಆಷಾಢದ ಮೋಡದಲ್ಲಿ ತೊಟ್ಟಿ ತುಂಬದ ದಿನ, ಇದ್ದಷ್ಟು ನೀರನ್ನು ಎಲ್ಲರ ಪಾಲಿನ ಪ್ರಮಾಣಕ್ಕೆ ತಕ್ಕಂತೆ ಹಂಚಿ, ಎಳೆಯ ಸಸಿಗಳಿರುವ ಹೊಲಗಳಿಗೆ ಮೊದಲು ಬಿಡಲಾಗುವುದು.

ಯುಗಾದಿಗೆ ಮುಂಚಿನ ವಾರ ನಮ್ಮ ನೀರುಗಂಟಿ ಪ್ರತಿ ಹೊಲಕ್ಕೂ ಬಂದು ಮೀಟರಿನ ಆರಂಭದ ಅಂಕಿಯನ್ನು ನಿಮ್ಮ ಎದುರಿನಲ್ಲೇ ಬರೆದುಕೊಳ್ಳುತ್ತಾರೆ. ದಯವಿಟ್ಟು ಆ ದಿನ ಹೊಲದಲ್ಲಿದ್ದು, ಅಂಕಿ ನೋಡಿ ಸಹಿ ಹಾಕಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಆಡಳಿತ ಮಂಡಳಿಯ ಪರವಾಗಿ