ಅಪ್ಪನಿಗೆ, ಲಂಡನ್ನಿನ ಒಂದು ಹೋಟೆಲಿನ ಬಗ್ಗೆ

ಲಂಡನ್,
ಭಾನುವಾರ

ತೀರ್ಥರೂಪು ಅಪ್ಪನವರ ಪಾದಗಳಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನೀವು, ಅಮ್ಮ, ಅಣ್ಣ, ಅತ್ತಿಗೆ, ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ಹೋದ ವಾರ ಫೋನಿನಲ್ಲಿ ಅಣ್ಣ ಬಂಗಾರಪೇಟೆಯ ನಮ್ಮ ಹೋಟೆಲ್ ಒಡೆದು ಹೊಸದಾಗಿ ಕಟ್ಟಿಸುವ ಮಾತೆತ್ತಿದ. ನೀವು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. "ಅಲ್ಲಿ ನೂರು ವರ್ಷದ ಹೋಟೆಲುಗಳಿವೆಯಂತಲ್ಲಮ್ಮ, ಅವರು ಹೇಗೆ ಉಳಿಸಿಕೊಂಡರು?" ಅಂತ ನನ್ನನ್ನು ಕೇಳಿದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾರಿಕುಪ್ಪಂ ಗಾಡಿ ಬಂತು, ಗಿರಾಕಿಗಳು ನುಗ್ಗಿದರು, ನೀವು ಫೋನ್ ಇಟ್ಟುಬಿಟ್ಟಿರಿ. ಅದಕ್ಕೇ ಈ ಕಾಗದ. ಊಟದ ಗದ್ದಲ ಮುಗಿದು ನೀವು ಗಲ್ಲಾ ಮುಂದೆ ಪೇಪರ್ ಹಿಡಿದು ಕೂರುತ್ತೀರಲ್ಲ, ಮಧ್ಯಾಹ್ನ ಮೂರರ ಹೊತ್ತು, ಆಗ ಓದಿ.

ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ ನಾನು ವಾಟರ್ಲೂ ಸೇತುವೆ ಮೇಲೆ ನಡೆದು ಬರುತ್ತೇನೆ. ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಸ್ಟ್ರ್ಯಾಂಡ್ ಅನ್ನುವ ದೊಡ್ಡ ರಸ್ತೆ. ಪಾಸ್‌ಪೋರ್ಟ್ ಕೆಲಸಕ್ಕೆ ಹೋಗಿದ್ದೆನಲ್ಲ, ಆ ಇಂಡಿಯಾ ಹೌಸ್ ಬಲಗಡೆಗೆ, ಅಲ್ಲೇ ಸಮೀಪ. ಎಡಗಡೆ ಒಂದು ಸಣ್ಣ ಓಣಿಯ ತುದಿಯಲ್ಲಿ ಸವಾಯ್ ಹೋಟೆಲ್. ಈ ಊರಿನಲ್ಲೆಲ್ಲ ಗಾಡಿಗಳು ನಮ್ಮಲ್ಲಿಯ ಹಾಗೆ ಎಡಕ್ಕೆ ಹೋಗುತ್ತವೆ, ಆ ಓಣಿಯೊಳಗೆ ಮಾತ್ರ ಬಲಕ್ಕೆ ಹೋಗಬೇಕು. ಬಾಗಿಲ ಮೇಲೆ ಚಿನ್ನದ ಬಣ್ಣದ ಒಬ್ಬ ಯೋಧ ಈಟಿ ಹಿಡಿದು ನಿಂತಿದ್ದಾನೆ. ಅವನು ಪೀಟರ್, ಸವಾಯ್ ಸೀಮೆಯ ದೊರೆ. 1246ರಲ್ಲಿ ಇಂಗ್ಲೆಂಡಿನ ರಾಜ ಈ ಜಾಗವನ್ನು ಅವನಿಗೆ ಕೊಟ್ಟ. ಅಲ್ಲಿದ್ದ ಅರಮನೆಯನ್ನು 1381ರಲ್ಲಿ ತೆರಿಗೆಯ ಭಾರಕ್ಕೆ ಸಿಡಿದೆದ್ದ ರೈತರು ಸುಟ್ಟುಹಾಕಿದರು. ಹೆಸರೊಂದು ಉಳಿಯಿತು.

ಹೋಟೆಲ್ ಕಟ್ಟಿಸಿದವನು ರಿಚರ್ಡ್ ಡಾಯ್ಲಿ ಕಾರ್ಟ್. ಇವನು ನಾಟಕದ ಕಂಪನಿಯವನು, ಅಪ್ಪ, ಹೋಟೆಲಿನವನಲ್ಲ. ನಮ್ಮ ಗುಬ್ಬಿ ಕಂಪನಿಯ ಹಾಗೆ ಹಾಡು, ಹಾಸ್ಯದ ನಾಟಕ ಆಡಿಸಿ ದುಡ್ಡು ಮಾಡಿದವನು. 1881ರಲ್ಲಿ ಪಕ್ಕದಲ್ಲೇ ಒಂದು ಥಿಯೇಟರ್ ಕಟ್ಟಿಸಿದ. ಇಡೀ ಕಟ್ಟಡಕ್ಕೆ ಕರೆಂಟ್ ದೀಪ ಹಾಕಿಸಿದ ಮೊದಲ ಸಾರ್ವಜನಿಕ ಕಟ್ಟಡ ಪ್ರಪಂಚದಲ್ಲಿ ಅದೇ. ಕರೆಂಟ್ ಅಂದರೆ ಜನ ಹೆದರುತ್ತಿದ್ದ ಕಾಲ. ಅವನು ವೇದಿಕೆಗೆ ಬಂದು, ಉರಿಯುತ್ತಿದ್ದ ಬಲ್ಬಿಗೆ ಬಟ್ಟೆ ಸುತ್ತಿ ಎಲ್ಲರೆದುರು ಒಡೆದು, ಬೆಂಕಿ ಹತ್ತುವುದಿಲ್ಲ ಅಂತ ತೋರಿಸಿದನಂತೆ.

ಹೋಟೆಲ್ ಬಾಗಿಲು ತೆರೆದದ್ದು 1889ರ ಆಗಸ್ಟ್ 6ಕ್ಕೆ. ಅಮೆರಿಕಕ್ಕೆ ಹೋದಾಗ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದು, ಲಂಡನ್ನಿನಲ್ಲಿ ಇಂಥದ್ದು ಯಾಕಿಲ್ಲ ಅಂತ ಕಟ್ಟಿಸಿದ್ದು. ಕರೆಂಟನ್ನು ಹೋಟೆಲೇ ತಯಾರಿಸಿಕೊಳ್ಳುತ್ತಿತ್ತು, ನೀರು ಸ್ವಂತ ಕೊಳವೆ ಬಾವಿಯದು. ಸ್ನಾನದ ಮನೆಗಳು 67. ಅದೇ ಸುಮಾರಿಗೆ ಹತ್ತಿರದ ಇನ್ನೊಂದು ದೊಡ್ಡ ಹೋಟೆಲಿನಲ್ಲಿ 500 ಜನಕ್ಕೆ ನಾಲ್ಕೇ ನಾಲ್ಕು ಸ್ನಾನದ ಮನೆ ಇದ್ದವಂತೆ. ಕಟ್ಟುವ ಮೇಸ್ತ್ರಿಗೆ ಲೆಕ್ಕ ಕೇಳಿಯೇ ಗಾಬರಿ. ಬರುವವರು ಮನುಷ್ಯರೋ ನೀರಿನ ಪ್ರಾಣಿಗಳೋ ಅಂತ ಕೇಳಿದನಂತೆ. ಬೇರೆ ಕಡೆ ಮೇಣದ ಬತ್ತಿಗೆ, ಬಿಸಿನೀರಿಗೆ, ಆಳಿಗೆ ಅಂತ ಬಿಲ್ಲಿನಲ್ಲಿ ಬೇರೆ ಬೇರೆ ಸೇರಿಸುತ್ತಿದ್ದರು. ಇಲ್ಲಿ ಎಲ್ಲಕ್ಕೂ ಒಂದೇ ಬೆಲೆ. ತಾತ ಸಾಂಬಾರಿಗೆ ಎರಡನೇ ಸಲ ದುಡ್ಡು ಕೇಳಬಾರದು ಅನ್ನುತ್ತಿದ್ದರಲ್ಲ, ಅದು ನೆನಪಾಯಿತು.

ಲಿಫ್ಟಿನ ವಿಷಯ ಓದುವಾಗ ತಾತನೇ ಕಣ್ಣ ಮುಂದೆ ಬಂದರು. ಆಗ ಲಿಫ್ಟ್ ಹೊಸದು, ಅದನ್ನು 'ಏರುವ ಕೋಣೆ' ಅಂತ ಕರೆಯುತ್ತಿದ್ದರು. ಜನ ಅದರೊಳಗೆ ಕುಳಿತು ಮೇಲಿನ ಮಹಡಿಗೆ ಹೋಗಿ ಥೇಮ್ಸ್ ನದಿ ನೋಡುತ್ತಿದ್ದರು. ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೇಜಿನೊಳಗೆ ನಿಂತು ಕೆಳಗೆ ಹೋಗುತ್ತಿದ್ದರು. ಆ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಕೆಳಗೆ ಬಂಡೆ ಮುಟ್ಟಿದರೆ ಕೈ ಚುರುಗುಟ್ಟುತ್ತಿತ್ತು ಅಂತ ಹೇಳುತ್ತಿದ್ದರು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಈ ಲಂಡನ್ನಿನಿಂದಲೇ 1880ರಲ್ಲಿ ನಮ್ಮ ಕೋಲಾರಕ್ಕೆ ಕಾಲಿಟ್ಟಿದ್ದು. ಗಣಿ ಕಂಪನಿಗಳ ಷೇರುದಾರರೂ ಇಲ್ಲಿಯವರು, ಲಾಭ ಹಂಚಿದ್ದೂ ಇಲ್ಲಿ. ಈ ಹೋಟೆಲಿನ ಝಗಝಗ ಬೆಳಕೂ ನಮ್ಮ ನೆಲದಡಿಯ ಕತ್ತಲೆಯೂ ಒಂದೇ ಕಾಲದವು ಅಂತ ಆ ಓಣಿಯಲ್ಲಿ ನಿಂತಾಗಲೆಲ್ಲ ಅನ್ನಿಸುತ್ತದೆ. ಕರೆಂಟಿನ ಕಥೆಯಲ್ಲಿ ನಾವೂ ಹಿಂದಿರಲಿಲ್ಲ, ಅಪ್ಪ. ಸವಾಯ್ ಹುಟ್ಟಿ ಹದಿಮೂರೇ ವರ್ಷಕ್ಕೆ, 1902ರ ಜೂನ್ 30ರಂದು, ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ಕರೆಂಟ್ ಕೊಟ್ಟರು. ಆ ಕಾಲಕ್ಕೆ ಅದು ಬಹಳ ದೂರದ ಲೈನು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ನನ್ನ ಜೊತೆ ಕೆಲಸ ಮಾಡುವ ಇಂಗ್ಲಿಷ್ ಹುಡುಗಿಗೆ ಇದನ್ನು ಹೇಳಿದೆ. ಅವಳು ಮ್ಯಾಪ್ ತೆಗೆಸಿ ನೋಡಿದಳು.

ಈಗ ಅಡುಗೆಮನೆಗೆ ಬರುತ್ತೇನೆ, ನಿಮಗೆ ಬೇಕಾದದ್ದು ಅದೇ. ಮೊದಲ ಮ್ಯಾನೇಜರ್ ಕೆಲಸ ಸರಿಯಾಗಲಿಲ್ಲ ಅಂತ ಡಾಯ್ಲಿ ಕಾರ್ಟ್ ಸ್ವಿಟ್ಜರ್ಲೆಂಡಿನ ಸೆಸಾರ್ ರಿಟ್ಜ್‌ನನ್ನು ಕರೆಸಿದ. ರಿಟ್ಜ್ ತನ್ನ ಜೊತೆ ಫ್ರಾನ್ಸಿನ ಅಡುಗೆಯವನು ಒಗ್ಯುಸ್ಟ್ ಎಸ್ಕಾಫಿಯೆಯನ್ನು ಕರೆತಂದ. ಅದಕ್ಕೆ ಮುಂಚೆ ದೊಡ್ಡ ಅಡುಗೆಮನೆಗಳೆಂದರೆ ಕೂಗಾಟ, ಬೈಗುಳ, ಕುಡಿತ. ಒಂದು ಪದಾರ್ಥವನ್ನು ಒಬ್ಬನೇ ಮೊದಲಿನಿಂದ ಕೊನೆಯವರೆಗೆ ಮಾಡಬೇಕು, ಗಿರಾಕಿ ಕಾಯಬೇಕು. ಎಸ್ಕಾಫಿಯೆ ಕೆಲಸ ಹಂಚಿದ. ಸಾರಿನವನು ಸಾರಿಗೆ, ಹುರಿಯುವವನು ಹುರಿಯುವುದಕ್ಕೆ, ಮೀನಿನವನು ಮೀನಿಗೆ, ಸಿಹಿ ಮಾಡುವವನು ಸಿಹಿಗೆ. ಒಂದೇ ತಟ್ಟೆಯ ಪದಾರ್ಥ ಮೂರು ಒಲೆಯ ಮೇಲೆ ಒಟ್ಟಿಗೆ ತಯಾರಾಗಿ ಒಂದು ಕಡೆ ಕೂಡುತ್ತಿತ್ತು. ದೋಸೆಗೆ ಒಬ್ಬರು, ಇಡ್ಲಿ ವಡೆಗೆ ಒಬ್ಬರು, ಚಟ್ನಿ ಪಲ್ಯಕ್ಕೆ ಒಬ್ಬರು, ಕಾಫಿಗೇ ಒಬ್ಬರು ಅಂತ ನಮ್ಮಲ್ಲಿ ನಡೆಯುವುದೂ ಅದೇ ಲೆಕ್ಕ. ಪುಸ್ತಕದಲ್ಲಿ ಅದನ್ನು ಅವನ ದೊಡ್ಡ ಸಾಧನೆ ಅಂತ ಬರೆದಿದ್ದಾರೆ.

ಅವನಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಬೇರೆ. ಅಡುಗೆಮನೆಯಲ್ಲಿ ಕುಡಿಯಬಾರದು, ಯಾರೂ ಯಾರನ್ನೂ ಬೈಯಬಾರದು ಅಂತ ಕಟ್ಟು ಮಾಡಿದ. ಒಲೆಯ ಝಳಕ್ಕೆ ಬಾಯಾರಿದವರಿಗೆ ಬಾರ್ಲಿ ನೀರು ಕಾಸಿ ಇಡಿಸಿದ. ನೀವು ಬೇಸಿಗೆಯಲ್ಲಿ ಭಟ್ಟರ ಪಕ್ಕ ಮಜ್ಜಿಗೆಯ ಕೊಳಗ ಇಡಿಸುತ್ತೀರಲ್ಲ, ಹಾಗೆ. ಉಳಿದ ಒಳ್ಳೆಯ ಪದಾರ್ಥವನ್ನು ಬಡ ಮುದುಕರನ್ನು ನೋಡಿಕೊಳ್ಳುತ್ತಿದ್ದ ಕ್ರೈಸ್ತ ಸನ್ಯಾಸಿನಿಯರಿಗೆ ಕಳಿಸುತ್ತಿದ್ದ.

ಆದರೆ ಇದನ್ನೂ ಹೇಳಬೇಕು. 1898ರಲ್ಲಿ ರಿಟ್ಜ್ ಮತ್ತು ಎಸ್ಕಾಫಿಯೆ ಇಬ್ಬರನ್ನೂ ಕೆಲಸದಿಂದ ತೆಗೆದರು. ಸಾವಿರಾರು ಪೌಂಡಿನ ಮದ್ಯದ ಲೆಕ್ಕ ಸಿಗಲಿಲ್ಲ, ಸಾಮಾನು ಕೊಡುವವರಿಂದ ಎಸ್ಕಾಫಿಯೆ ಕಮಿಷನ್ ತೆಗೆದುಕೊಂಡಿದ್ದ. 1900ರಲ್ಲಿ ತಪ್ಪು ಒಪ್ಪಿ ಬರೆದುಕೊಟ್ಟರು. ಆ ಕಾಗದ ಹಲವು ದಶಕ ಹೊರಗೆ ಬರಲೇ ಇಲ್ಲ. ಇದನ್ನು ಓದಿ ನನಗೆ ನಿಜವಾಗಿ ನೋವಾಯಿತು. ಅಷ್ಟು ಒಳ್ಳೆಯ ಕೈಯವನು. ತರಕಾರಿ ಮಂಡಿಯಿಂದ ಬಂದ ಚೀಟಿಯನ್ನು ನೀವು ರಾತ್ರಿ ಹತ್ತಕ್ಕೆ ಕೂತು ಒಂದೊಂದೇ ಟಿಕ್ ಹಾಕುವುದು ಯಾಕೆ ಅಂತ ಚಿಕ್ಕವಳಿದ್ದಾಗ ನನಗೆ ಅರ್ಥವಾಗುತ್ತಿರಲಿಲ್ಲ.

ಇಲ್ಲಿಗೆ ಬಂದು ಹೋದ ದೊಡ್ಡವರ ಪಟ್ಟಿ ಕೊಟ್ಟರೆ ಈ ಕಾಗದ ಸಾಲದು. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1899ರಿಂದ ಮೂರು ಸಲ ಬಂದು, ಇಲ್ಲಿಯ ಕಿಟಕಿಯಿಂದ ನಾನು ದಿನಾ ನಡೆಯುವ ಜಾಗದಲ್ಲಿ ಆಗ ಇದ್ದ ಹಳೇ ವಾಟರ್ಲೂ ಸೇತುವೆಯನ್ನು ಮಂಜಿನಲ್ಲಿ ಮತ್ತೆ ಮತ್ತೆ ಬರೆದ. 1905ರಲ್ಲಿ ಒಬ್ಬ ಶ್ರೀಮಂತ ಅಂಗಳಕ್ಕೆ ನೀರು ತುಂಬಿಸಿ, ದೋಣಿಯಲ್ಲಿ ಅತಿಥಿಗಳನ್ನು ಕೂರಿಸಿ, ಆನೆಮರಿಯ ಬೆನ್ನ ಮೇಲೆ ಕೇಕ್ ತರಿಸಿದ. ಎಲ್ಲರೂ ಮೊದಲು ಹೇಳುವ ಕಥೆ ಅದು, ನನಗೆ ಇಷ್ಟವಿಲ್ಲ. ಪುಟ್ಟಿಗೆ ಹೇಳಬೇಕಾದದ್ದು ಬೆಕ್ಕಿನ ಕಥೆ. ಇವರಿಗೆ ಊಟಕ್ಕೆ ಹದಿಮೂರು ಜನ ಕೂತರೆ ಅಪಶಕುನ. 1898ರಲ್ಲಿ ವುಲ್ಫ್ ಜೋಯೆಲ್ ಅನ್ನುವ ವಜ್ರದ ವ್ಯಾಪಾರಿ ಇಲ್ಲಿ ಕೊಟ್ಟ ಊಟಕ್ಕೆ ಒಬ್ಬರು ಬರದೆ ಹದಿಮೂರಾಯಿತು. ಮೊದಲು ಎದ್ದವರಿಗೆ ಸಾವು ಅಂತ ಯಾರೋ ಅಂದರು, ಅವನೇ ಎದ್ದ. ಕೆಲವೇ ವಾರದಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಅಲ್ಲಿಂದ ಮುಂದೆ ಹದಿಮೂರು ಜನ ಬಂದರೆ ಹೋಟೆಲಿನವರೇ ಒಬ್ಬರು ಹದಿನಾಲ್ಕನೆಯವರಾಗಿ ಕೂರುತ್ತಿದ್ದರು. 1927ರಲ್ಲಿ ಮರದಲ್ಲಿ ಒಂದು ಕಪ್ಪು ಬೆಕ್ಕು ಕೆತ್ತಿಸಿ ಕ್ಯಾಸ್ಪರ್ ಅಂತ ಹೆಸರಿಟ್ಟರು. ಈಗ ಹದಿನಾಲ್ಕನೆಯ ಕುರ್ಚಿಯಲ್ಲಿ ಕ್ಯಾಸ್ಪರ್ ಕೂರುತ್ತದೆ. ಕುತ್ತಿಗೆಗೆ ನ್ಯಾಪ್ಕಿನ್ ಕಟ್ಟಿ, ಒಂದೊಂದು ಪದಾರ್ಥವನ್ನೂ ಅದರ ಮುಂದೆ ಇಟ್ಟು ತೆಗೆಯುತ್ತಾರೆ. ಬೆಕ್ಕು ಅಡ್ಡ ಬಂದರೆ ಅಜ್ಜಿ ಹೊರಟವರನ್ನು ಒಳಗೆ ಕರೆದು ನೀರು ಕುಡಿಸಿ ಕಳಿಸುತ್ತಿದ್ದರು. ಅದೇ ಬೆಕ್ಕು ಇಲ್ಲಿ ಕಾಯುವ ದೇವರು.

ಇನ್ನೊಂದು ಸಂಗತಿ. ಎರಡನೇ ಮಹಾಯುದ್ಧ, 1940ರ ಸೆಪ್ಟೆಂಬರ್. ರಾತ್ರಿಯಾದರೆ ಜರ್ಮನರ ವಿಮಾನಗಳು ಬಾಂಬು ಹಾಕುತ್ತಿದ್ದವು. ಹೆಚ್ಚು ಸಾಯುತ್ತಿದ್ದವರು ಪೂರ್ವ ಲಂಡನ್ನಿನ ಬಂದರು ಕೂಲಿಗಳು, ಹೊಲಿಗೆಯವರು. ಅವರಿಗೆ ಗಟ್ಟಿಯಾದ ಅಡಗುತಾಣವಿರಲಿಲ್ಲ. ಸವಾಯ್‌ನ ನೆಲಮಾಳಿಗೆಯಲ್ಲಿ ಹಾಸಿಗೆ, ಬಣ್ಣ ಬಣ್ಣದ ಪರದೆ, ನರ್ಸುಗಳು, ಗೊರಕೆ ಹೊಡೆಯುವವರಿಗೇ ಬೇರೆ ಜಾಗ. ಸೆಪ್ಟೆಂಬರ್ 14ರ ರಾತ್ರಿ ಫಿಲ್ ಪಿರಾಟಿನ್ ಅನ್ನುವ ಕಮ್ಯುನಿಸ್ಟ್ ಕೌನ್ಸಿಲರ್ ಗಂಡಸರು, ಹೆಂಗಸರು, ಮಕ್ಕಳನ್ನೆಲ್ಲ ಕರೆದುಕೊಂಡು ನೇರವಾಗಿ ಹೋಟೆಲಿನೊಳಗೆ ನಡೆದ. ಸೈರನ್ ಕೂಗಿತು. ಬಾಂಬು ಬೀಳುವಾಗ ಹೊರಗೆ ತಳ್ಳುವ ಹಾಗಿಲ್ಲ. ಅವರೂ ಕೆಳಗೆ ಇಳಿದರು. ಟೀ ಕೇಳಿದರು. ಹೋಟೆಲಿನ ರೇಟು ನಮಗೆ ಆಗುವುದಿಲ್ಲ, ಹೊರಗಿನ ಟೀ ಅಂಗಡಿಯ ರೇಟು, ಕಪ್ಪಿಗೆ ಎರಡು ಪೆನ್ನಿ ಕೊಡುತ್ತೇವೆ ಅಂದರು. ಮಾತುಕತೆಯಾಯಿತು. ಮಾಣಿಗಳು ಬೆಳ್ಳಿ ತಟ್ಟೆಯಲ್ಲಿ ಬ್ರೆಡ್ಡು ಬೆಣ್ಣೆ, ಟೀ ತಂದರು. ಅದಾದ ಕೆಲವೇ ದಿನಗಳಲ್ಲಿ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಜನ ಮಲಗಲು ಸರ್ಕಾರ ಬಿಟ್ಟಿತು.

ಇದನ್ನು ನಾನು ಡ್ಯೂಟಿ ಮಧ್ಯೆ ಓದಿದೆ. ಓದಿ ಸ್ವಲ್ಪ ಹೊತ್ತು ಏಳಲಾಗಲಿಲ್ಲ. ಏರ್ ಬ್ಲಾಸ್ಟ್ ಆಗಿ ಗಣಿಯೊಳಗೆ ಬಂಡೆ ಸಿಡಿದಾಗ ಮೇಲೆ ಲೈನ್ ಮನೆಗಳ ಪಾತ್ರೆಗಳು ಉರುಳುತ್ತಿದ್ದವಂತೆ, ಹೆಂಗಸರು ಶಾಫ್ಟಿನ ಬಾಯಿಗೆ ಓಡುತ್ತಿದ್ದರಂತೆ. ತಾತ ಗಣಿ ಬಿಟ್ಟು ಬಂಗಾರಪೇಟೆಗೆ ಬಂದು ಸ್ಟೇಷನ್ ಎದುರು ಟೀ ಒಲೆ ಹಚ್ಚಿದ್ದು ಅಂಥದ್ದೊಂದು ದಿನದ ಮೇಲೆ ಅಂತ ಅಜ್ಜಿ ಹೇಳಿದ್ದರು. ನಮ್ಮ ಹೋಟೆಲಿನಲ್ಲಿ ದುಡ್ಡಿಲ್ಲ ಅಂತ ಟೀ ಕೊಡದೆ ಕಳಿಸಿದ್ದು ನಾನು ನೋಡಿಲ್ಲ.

ಈಗ ನಿಮ್ಮ ಪ್ರಶ್ನೆ. ಅವರೂ ಒಡೆದು ಕಟ್ಟಿದ್ದಾರೆ, ಅಪ್ಪ. 2007ರ ಡಿಸೆಂಬರಿನಲ್ಲಿ ಬಾಗಿಲು ಹಾಕಿ, ಹಳೇ ಮಂಚ, ಕುರ್ಚಿ, ಪಿಂಗಾಣಿ ಎಲ್ಲ ಹರಾಜು ಹಾಕಿ, 22 ಕೋಟಿ ಪೌಂಡ್ ಖರ್ಚು ಮಾಡಿ 2010ರ ಅಕ್ಟೋಬರ್ 10ಕ್ಕೆ ತೆರೆದರು. ಕಟ್ಟಿಸಿದ ಮನೆತನವೂ ಈಗ ಇಲ್ಲ, ಕೊನೆಯ ಮೊಮ್ಮಗಳು 1985ರಲ್ಲಿ ತೀರಿಕೊಂಡರು. ಆದ್ದರಿಂದ ಅಣ್ಣನನ್ನು ತಡೆಯಬೇಡಿ. ಅವನಿಗೆ ಗ್ಲಾಸ್ ಬಾಗಿಲು ಬೇಕಿದ್ದರೆ ಹಾಕಿಸಲಿ. ರುಬ್ಬುವ ಕಲ್ಲನ್ನು ಮಾತ್ರ ಗುಜರಿಗೆ ಕೊಡದೆ ಹಿತ್ತಲಲ್ಲಿ ಇಡಿಸಿ.

ಅವರು ಬಿಡದೆ ಮಾಡಿದ ಒಂದು ಕೆಲಸವಿದೆ. ಹಳೇ ಮೆನು, ಫೋಟೊ, ಪತ್ರ, ಬಿಲ್ಲು ಎಲ್ಲವನ್ನೂ ಜೋಪಾನ ಮಾಡಿಟ್ಟಿದ್ದಾರೆ. ಅದಕ್ಕೇ ನೂರು ವರ್ಷದ ಹಿಂದಿನ ಒಂದು ಊಟದ ಕಥೆ ನನಗೆ ಇವತ್ತು ಸಿಕ್ಕಿತು. ಹಾಗಿದ್ದರೂ ಕೆಳಗಿನ ಕೆಲಸದವರ ಹೆಸರು ಕಡಿಮೆ. ಗುಚಿಯೊ ಗುಚ್ಚಿ ಅನ್ನುವ ಇಟಲಿಯ ಹುಡುಗ ಇಲ್ಲಿ ಲಗೇಜ್ ಹೊರುತ್ತಿದ್ದ, ಅತಿಥಿಗಳ ಚರ್ಮದ ಪೆಟ್ಟಿಗೆಗಳನ್ನು ನೋಡಿ ನೋಡಿ ಊರಿಗೆ ಹೋಗಿ 1921ರಲ್ಲಿ ಸ್ವಂತ ಅಂಗಡಿ ಇಟ್ಟ. ಆಮೇಲೆ ಪ್ರಪಂಚಕ್ಕೇ ಹೆಸರಾದದ್ದರಿಂದ ಅವನು ಪುಸ್ತಕದಲ್ಲಿದ್ದಾನೆ. ಅವನ ಪಕ್ಕ ನಿಂತು ಹೊತ್ತ ಇನ್ನೊಬ್ಬ ಹುಡುಗ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ.

ಗಲ್ಲಾ ಹಿಂದಿನ ಗೋಡೆ ನೆನಪಿದೆಯಾ? ಕ್ಯಾಲೆಂಡರ್ ತೆಗೆದರೆ ತಾತ ಪೆನ್ಸಿಲಿನಲ್ಲಿ ಬರೆದ ಸಾಲದ ಲೆಕ್ಕ ಇದೆ. ಸ್ಟೇಷನ್ ಹಮಾಲಿಗಳು, ಗಣಿಯಿಂದ ಶಿಫ್ಟ್ ಮುಗಿಸಿ ಬರುತ್ತಿದ್ದವರು, ಜಟಕಾದವರು. ಕನ್ನಡ, ತೆಲುಗು, ತಮಿಳು ಹೆಸರುಗಳು, ಕೆಲವಕ್ಕೆ ಅಡ್ಡಗೆರೆ, ಹೆಚ್ಚಿನವಕ್ಕೆ ಇಲ್ಲ. ಮೇಲೆ ಮೂರು ಸಲ ಸುಣ್ಣ ಬಳಿದರೂ ಆ ಒಂದು ಮೊಳ ಜಾಗ ನೀವು ಬಿಡಿಸಿದ್ದಿರಿ. ಗೋಡೆ ಒಡೆಯುವ ಮುಂಚೆ ಹಗಲು ಬೆಳಕಿನಲ್ಲಿ ಪುಟ್ಟಿಯ ಕೈಲಿ ಫೋಟೊ ತೆಗೆಸಿ ಕಳಿಸಿ. ಆಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡು, ಮೊದಲ ದಿನದಿಂದ ನಮ್ಮಲ್ಲಿ ದುಡಿದವರ ಹೆಸರು ಬರೆಯಿರಿ. ಭಟ್ಟರು, ಸಪ್ಲೈಯರ್‌ಗಳು, ಪಾತ್ರೆ ತೊಳೆಯುತ್ತಿದ್ದ ಅಮ್ಮ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದ ಕ್ಲೀನರ್ ಮಾಮ. ಯಾವ ಊರು, ಎಷ್ಟು ವರ್ಷ ಇದ್ದರು ಅಂತ ನೆನಪಾದಷ್ಟು. ಅವರೆಲ್ಲ ನೆನಪಿರುವುದು ನಿಮಗೊಬ್ಬರಿಗೇ.

ಅಮ್ಮನಿಗೆ ಮಂಡಿ ನೋವಿನ ಮಾತ್ರೆಯನ್ನು ಊಟವಾದ ಮೇಲೆಯೇ ತೆಗೆದುಕೊಳ್ಳಲು ಹೇಳಿ. ಅವರೆಕಾಯಿ ಕಾಲ ಮುಗಿಯುವುದರೊಳಗೆ ರಜೆ ಸಿಕ್ಕರೆ ಬರುತ್ತೇನೆ.

ನಿಮ್ಮ ಮಗಳು