ದೂರ ಎಷ್ಟು, ಬೆಳಕು ಎಷ್ಟು?

ತೀರ್ಥಹಳ್ಳಿ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದು ಎಂಟು ದಿನ ಆಯಿತು, ಅಂಗಳಕ್ಕೆ ಕಾಲಿಡುವ ಹಾಗಿಲ್ಲ. ನೀನು ಕಳಿಸಿದ ಕ್ಯಾಮೆರಾ ಸಾಮಾನಿನ ಪಟ್ಟಿಯನ್ನು ಎರಡು ಸಲ ಓದಿದೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಬಾಡಿ, 24-70 ಎಫ್ 2.8 ಲೆನ್ಸ್, 150-600 ಜೂಮ್, ಸಾಲದ್ದಕ್ಕೆ ಒಂದು ಡ್ರೋನ್. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಎಲ್ಲವನ್ನೂ ಕಂತಿನ ಮೇಲೆ ಕೊಳ್ಳುತ್ತೀಯಂತೆ. ಅಕ್ಕ ಫೋನ್ ಮಾಡಿ, "ನೀನೇ ಏನಾದ್ರೂ ಹೇಳೋ, ನನ್ನ ಮಾತು ಕೇಳಲ್ಲ ಅವಳು" ಅಂದಳು. ಅದಕ್ಕೇ ಈ ಪತ್ರ. ಬೈಯುವುದಕ್ಕಲ್ಲ, ಹೆದರಬೇಡ.

ನಿನ್ನ ಪಟ್ಟಿ ನೋಡಿದರೆ ಏನು ಕೊಳ್ಳುತ್ತೀಯ ಅಂತ ಗೊತ್ತಾಗುತ್ತದೆ. ಏನು ತೆಗೆಯುತ್ತೀಯ ಅಂತ ಗೊತ್ತಾಗುವುದಿಲ್ಲ. ಲೆನ್ಸಿಗೆ ದುಡ್ಡು ಬಿಚ್ಚುವ ಮುಂಚೆ ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ನಾನು ನಿಲ್ಲುವ ಜಾಗದಿಂದ ತೆಗೆಯಬೇಕಾದದ್ದು ಎಷ್ಟು ದೂರ? ಅಲ್ಲಿ ಬೆಳಕು ಎಷ್ಟು? ಲೆನ್ಸಿನ ಮೇಲೆ ಬರೆದಿರುವ ಮಿಲಿಮೀಟರ್ ಮೊದಲನೆಯದಕ್ಕೆ ಉತ್ತರ, ಎಫ್ ಅನ್ನುವ ಅಂಕಿ ಎರಡನೆಯದಕ್ಕೆ. ಮಿಲಿಮೀಟರ್ ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಎಫ್ ಅಂಕಿ ಸಣ್ಣದಾದಷ್ಟೂ ಬೆಳಕು ಬರುವ ಕಿಟಕಿ ದೊಡ್ಡದು. ಈ ಎಫ್‌ನದು ತಲೆಕೆಳಗು ಲೆಕ್ಕ, ನನಗೂ ಬಾಯಿಗೆ ಬರಲು ಆರು ತಿಂಗಳು ಬೇಕಾಯಿತು.

ಹೋದ ವರ್ಷ ಊರಿಗೆ ಯಕ್ಷಗಾನ ಮೇಳ ಬಂದಿದ್ದು ನೆನಪಿದೆಯಾ? ನೀನು ನನ್ನ ಹಳೇ ಕ್ಯಾಮೆರಾ ಹಿಡಿದು ಬೆಳಗಿನ ಜಾವದವರೆಗೂ ಕೂತಿದ್ದೆ. ಬೆಳಿಗ್ಗೆ ನೋಡಿದರೆ ಒಂದೂ ನೆಟ್ಟಗಿಲ್ಲ. ವೇಷಧಾರಿಯ ಕಿರೀಟ ಚೆನ್ನಾಗಿದೆ, ಕೈಗಳು ಮಾತ್ರ ಹೊಗೆಯ ಹಾಗೆ. "ಮಾವ, ಈ ಕ್ಯಾಮೆರಾ ಸರಿ ಇಲ್ಲ" ಅಂದೆ. ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ. ಅದರಲ್ಲಿದ್ದದ್ದು ಜೊತೆಗೆ ಬರುವ 18-55 ಲೆನ್ಸ್. 55ರ ತುದಿಗೆ ಹೋದರೆ ಅದು ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ನನ್ನ ಕಪಾಟಿನಲ್ಲಿದ್ದ 50 ಮಿ.ಮೀ. ಎಫ್ 1.8, ಅಂಗೈಯಷ್ಟಿರುವ ಲೆನ್ಸ್, ಅದರ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ನೀನು ಸೆಕೆಂಡಿನ 50ರಲ್ಲಿ ಒಂದು ಭಾಗದಲ್ಲಿ ತೆಗೆದದ್ದನ್ನು 500ರಲ್ಲಿ ಒಂದು ಭಾಗದಲ್ಲಿ ತೆಗೆಯಬಹುದಿತ್ತು. ಧಿಗಿಣ ಹಾಕುವವನನ್ನು, ಅಂದರೆ ಸುತ್ತುತ್ತಾ ಹಾರುವವನನ್ನು, ಗಾಳಿಯಲ್ಲೇ ನಿಲ್ಲಿಸಬೇಕಾದರೆ ಅಷ್ಟು ವೇಗ ಬೇಕೇ ಬೇಕು. ಅಂಗಡಿಯವರು "ಸ್ಟೆಬಿಲೈಸರ್ ಇದೆ ಮೇಡಂ" ಅನ್ನುತ್ತಾರೆ. ಅದು ನಿನ್ನ ಕೈ ನಡುಗುವುದನ್ನು ತಡೆಯುತ್ತದೆ. ಕುಣಿಯುವವನನ್ನು ತಡೆಯುವುದಿಲ್ಲ, ಅಲ್ವಾ?

ಇನ್ನೊಂದು ತೊಂದರೆ ಈಗೀಗ ಶುರುವಾಗಿದೆ. ರಂಗಸ್ಥಳಕ್ಕೆ ಹಾಕುವ ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಫೋಟೋದಲ್ಲಿ ಮುಖದ ಮೇಲೆ ಕಪ್ಪು ಪಟ್ಟೆ ಬೀಳುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡರಂತೂ ಜಾಸ್ತಿ. ಮೊದಲ ಪ್ರವೇಶದಲ್ಲೇ ಒಂದು ತೆಗೆದು, ದೊಡ್ಡದು ಮಾಡಿ ನೋಡು. ಪಟ್ಟೆ ಇದ್ದರೆ ಮೆಕ್ಯಾನಿಕಲ್ ಶಟರಿಗೆ ಬಾ. ಆಗಲೂ ಹೋಗದಿದ್ದರೆ ಸೆಕೆಂಡಿನ 100ರಲ್ಲಿ ಒಂದು ಭಾಗಕ್ಕೆ ಇಳಿಸಿ, ವೇಷ ಕುಣಿತ ನಿಲ್ಲಿಸಿ ಅರ್ಥ (ಮಾತು) ಹೇಳುವವರೆಗೆ ಕಾಯಿ.

ವೇಷ ಕಟ್ಟುವ ಚೌಕಿಗೆ ಹೋದರೆ ದೂರದ ಲೆಕ್ಕವೇ ಬದಲು. ಎಡಗೈಯಲ್ಲಿ ಪುಟ್ಟ ಕನ್ನಡಿ, ಬಲಗೈಯಲ್ಲಿ ಕಡ್ಡಿ, ತಲೆ ಮೇಲೆ ಒಂದು ಬಲ್ಬು. ಹುಬ್ಬು ಬರೆಯುವಾಗ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ನಿನಗೆ ನಿಲ್ಲಲು ನಾಲ್ಕಡಿ ಜಾಗ ಸಿಕ್ಕಿದರೆ ಪುಣ್ಯ. ಅಲ್ಲಿ 35 ಮಿ.ಮೀ. ಸಾಕು. ಫ್ಲ್ಯಾಶ್ ಮಾತ್ರ ಹೊಡೆಯಬೇಡ, ಕೇಳದೆ ಕ್ಯಾಮೆರಾ ಎತ್ತಲೂ ಬೇಡ.

ಇನ್ನು ಹಕ್ಕಿಗಳು. 150-600 ಬೇಕು ಅಂತ ಕೆಂಪು ಗೆರೆ ಎಳೆದಿದ್ದೀಯ. ಒಳ್ಳೇ ಲೆನ್ಸೇ. ತೂಕ ಹೆಚ್ಚುಕಡಿಮೆ 2 ಕೆಜಿ. ಒಂದು ಸಲ ಬಾಡಿಗೆಗೆ ತಂದು ಮಂಡಗದ್ದೆಗೆ ಹೋಗಿದ್ದೆ. ತುಂಗೆಯ ನಡುವೆ ಆ ಕುರುವದ (ನಡುಗಡ್ಡೆಯ) ಮರಗಳಿಗೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟಲು ಬರುವುದೇ ಮಳೆಗಾಲದಲ್ಲಿ. ದೂರಕ್ಕೆ 600 ಸರಿಯಾಯಿತು. ಬೆಳಕಿಗೆ ಆಗಲಿಲ್ಲ. ಆ ತುದಿಯಲ್ಲಿ ಎಫ್ 6.3, ಮೇಲೆ ಕರೀ ಮೋಡ, ಹಾರುವ ಹಕ್ಕಿಗೆ ಸೆಕೆಂಡಿನ 1000ದಲ್ಲಿ ಒಂದು ಭಾಗ ಬೇಕು. ಬೆಳಕು ಸಾಲದಾಗ ಏರಿಸುವ ಐಎಸ್ಓ ಅಂಕಿ 3200 ದಾಟಿ, ಬೆಳ್ಳಕ್ಕಿಯ ಬಿಳಿ ರೆಕ್ಕೆಯ ಮೇಲೆ ರವೆ ಚೆಲ್ಲಿದ ಹಾಗಾಯಿತು. ಅರ್ಧ ಗಂಟೆಗೆ ಭುಜ ಸೋತುಹೋಯಿತು. ನೀನೂ ಒಂದು ಭಾನುವಾರಕ್ಕೆ ಬಾಡಿಗೆಗೆ ತಗೊಂಡು ರಂಗನತಿಟ್ಟಿಗೆ ಹೋಗಿ ಬಾ. ಅಲ್ಲಿ ದೋಣಿ ಹಕ್ಕಿಗಳ ಹತ್ತಿರಕ್ಕೇ ಹೋಗುತ್ತದೆ. ಎಷ್ಟು ಫೋಟೋಗಳನ್ನು 300ರ ಒಳಗೇ ತೆಗೆದೆ ಅಂತ ಆಮೇಲೆ ಎಣಿಸು. ಅರ್ಧಕ್ಕಿಂತ ಜಾಸ್ತಿ ಇದ್ದರೆ ಸದ್ಯಕ್ಕೆ 70-300 ಸಾಕು.

ಬೇಲೂರಿನ ಆಸೆಯನ್ನೂ ಬರೆದಿದ್ದೀಯ. ದೇವಸ್ಥಾನ ಅಂದರೆ ಎಲ್ಲರೂ ಅಗಲಕ್ಕೆ ನೋಡುವ ವೈಡ್ ಲೆನ್ಸ್ ಅನ್ನುತ್ತಾರೆ. 1117ರ ಆ ಗುಡಿಯ ಮದನಿಕೆಯರು ಇರುವುದು ಎಲ್ಲಿ? ಸೂರಿನ ಕೆಳಗೆ, ತಲೆ ಎತ್ತಿ ನೋಡುವಷ್ಟು ಮೇಲೆ. ವೈಡ್ ಹಾಕಿದರೆ ಹೆಬ್ಬೆರಳಷ್ಟು ಕಾಣುತ್ತಾರೆ. ಅಲ್ಲಿಗೂ ಆ 70-300ನೇ ಬೇಕು. ಇಡೀ ಗುಡಿ ತೆಗೆಯುವಾಗ ವೈಡ್ ಸರಿ. ಆದರೆ ಕ್ಯಾಮೆರಾ ಮೇಲಕ್ಕೆ ವಾಲಿಸಿದರೆ ಗೋಡೆಗಳು ಹಿಂದಕ್ಕೆ ಬಿದ್ದ ಹಾಗೆ ಬರುತ್ತವೆ, ಹಿಂದೆ ಸರಿದು ಮಟ್ಟಸವಾಗಿ ಹಿಡಿ. ಒಳಗೆ ಕತ್ತಲೆ. ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಟ್ರೈಪಾಡ್ ಇಡುವಂತಿಲ್ಲ. ಮತ್ತೆ ಅದೇ ಎಫ್ 1.8.

ಹುಳು ಹುಪ್ಪಟೆಗೆ ಈಗಲೇ ಮ್ಯಾಕ್ರೋ ಲೆನ್ಸ್ ಬೇಡ. ಎಫ್ ಅಂಕಿ ಬದಲಿಸುವ ಅಪರ್ಚರ್ ಉಂಗುರ ಇರುವ ಹಳೇ 50 ಸಿಕ್ಕಿದರೆ, ರಿವರ್ಸ್ ರಿಂಗ್ ಹಾಕಿ ಅದನ್ನೇ ತಿರುಗಿಸಿ ಸಿಕ್ಕಿಸು. ಇರುವೆಯ ಮೀಸೆ ಕಾಣುತ್ತದೆ. ಫೋಕಸ್ ಮಾಡಲು ನೀನೇ ಹಿಂದೆ ಮುಂದೆ ಓಲಾಡಬೇಕು, ಹತ್ತರಲ್ಲಿ ಒಂಬತ್ತು ಹಾಳಾಗುತ್ತವೆ. ಆ ಹತ್ತನೆಯದಕ್ಕೆ ಹುಚ್ಚು ಹಿಡಿದರೆ ಆಮೇಲೆ 90 ಅಥವಾ 105ರ ಮ್ಯಾಕ್ರೋ ಕೊಳ್ಳು. ಸ್ವಲ್ಪ ದೂರದಿಂದಲೇ ತೆಗೆಯಬಹುದು, ಕೊಡತಿಹುಳು ಎದ್ದು ಹೋಗುವುದಿಲ್ಲ.

ಬಾಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 24 ಮೆಗಾಪಿಕ್ಸೆಲ್ ಸಾಕು, ಅದರಲ್ಲಿ 20 ಇಂಚು ಅಗಲದ ಒಳ್ಳೇ ಪ್ರಿಂಟ್ ಬರುತ್ತದೆ. ಇವತ್ತಿನವರೆಗೆ ನೀನು ಎಷ್ಟು ಪ್ರಿಂಟ್ ಹಾಕಿಸಿದ್ದೀಯ ಹೇಳು ನೋಡೋಣ! ಫುಲ್ ಫ್ರೇಮಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನ ಬಾಡಿ ತಗೊಂಡರೆ 300ರ ಲೆನ್ಸ್ ಫುಲ್ ಫ್ರೇಮಿನ 450ರಷ್ಟು ನೋಟ ಕೊಡುತ್ತದೆ, ಹಕ್ಕಿಗೆ ಅದು ಲಾಭವೇ. ಉಳಿದ ದುಡ್ಡು ಲೆನ್ಸಿಗೆ ಹೋಗಲಿ. ಡ್ರೋನ್ ಸುಮ್ನೆ ಮರೆತುಬಿಡು.

ದೊಡ್ಡ ಕಂಪನಿಗಳು ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಕಡೆ ಹೋದ ಮೇಲೆ, ಕನ್ನಡಿ ಇರುವ ಡಿಎಸ್ಎಲ್ಆರ್ ಕ್ಯಾಮೆರಾದ ಲೆನ್ಸುಗಳು ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತಿವೆ. ಕೊಳ್ಳುವಾಗ ಎರಡು ಕಡೆ ಮುಚ್ಚಳ ತೆಗೆದು, ಹಿಂದಿನಿಂದ ಫೋನ್ ಟಾರ್ಚ್ ಹಾಕಿ ನೋಡು. ಒಂದೆರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಜೇಡರ ಬಲೆಯ ಹಾಗೆ ಎಳೆ ಎಳೆ ಕಂಡರೆ ಅಲ್ಲೇ ಇಟ್ಟು ಬಾ.

ಇದನ್ನು ನಾನು ಕೈಸುಟ್ಟುಕೊಂಡೇ ಕಲಿತದ್ದು. ಅಡಕೆ ದುಡ್ಡಿನಲ್ಲಿ ಒಂದು 80-200 ತಗೊಂಡಿದ್ದೆ. ಜೋಪಾನ ಅಂತ ಚರ್ಮದ ಚೀಲಕ್ಕೆ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಜೂನಿನಲ್ಲಿ ಇಟ್ಟವನು ದಸರೆಗೆ ತೆಗೆದೆ. ಚೀಲದ ಮೇಲೆ ಹಸಿರು ಬೂಷ್ಟು. ಒರೆಸಿದರೆ ಹೋಯಿತು ಅಂದುಕೊಂಡೆ. ಲೆನ್ಸನ್ನು ಕಿಟಕಿಗೆ ಹಿಡಿದರೆ ಗಾಜಿನ ಒಳಗೂ ಅದೇ, ಅಂಚಿನಿಂದ ನಡುವಿಗೆ ಬೇರು ಬಿಟ್ಟ ಹಾಗೆ. ರಿಪೇರಿಯವನು ಬಿಚ್ಚಿ ಒರೆಸಿಕೊಟ್ಟ. ಆದರೆ ಗಾಜಿನ ಮೇಲಿನ ಲೇಪವನ್ನೇ ಅದು ತಿಂದುಹಾಕಿತ್ತು. ದೀಪ ಎದುರಿಗಿದ್ದರೆ ಇವತ್ತಿಗೂ ಮಂಜು ಕವಿದ ಹಾಗೆ ಬರುತ್ತದೆ.

ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮೀಟರ್. ಶೇಕಡಾ 40ರಿಂದ 50ರ ನಡುವೆ ಮುಳ್ಳು ಇರಬೇಕು. ಜೆಲ್ಲಿನ ಬಣ್ಣ ತಿರುಗಿದರೆ ಹಳೇ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದು ಮತ್ತೆ ಹಾಕುತ್ತೇನೆ. ಆ ಬಾಣಲೆ ಅಡುಗೆಗೆ ಬೇಡ. ಒಂದು ಸಲ ನಿನ್ನ ಅತ್ತೆಯ ಒಗ್ಗರಣೆ ಬಾಣಲೆಯನ್ನೇ ತಗೊಂಡು, ಮೂರು ದಿನ ಮಾತಿಲ್ಲ.

ಆಗಸ್ಟಿನಲ್ಲಿ ರಜೆ ಹಾಕಿ ಬಾ. ಕಂತಿನ ಕಾಗದಕ್ಕೆ ಅಲ್ಲಿಯವರೆಗೆ ಸಹಿ ಹಾಕಬೇಡ. ನನ್ನ 50 ಎಫ್ 1.8 ನಿನಗೇ ಇರಲಿ, ಒಂದು ತಿಂಗಳು ಅದೊಂದರಲ್ಲೇ ತೆಗೆ. ಯಾವಾಗ ಸಾಲದೆ ಬಂತು, ದೂರ ಸಾಲಲಿಲ್ಲವೋ ಬೆಳಕು ಸಾಲಲಿಲ್ಲವೋ ಅಂತ ಒಂದು ಚೀಟಿಯಲ್ಲಿ ಬರೆದಿಡು. ಅದನ್ನು ನೋಡಿಕೊಂಡು ಇಬ್ಬರೂ ಕೂತು ಹೊಸ ಪಟ್ಟಿ ಮಾಡೋಣ.

ಬರುವಾಗ ಬೆಂಗಳೂರಿನಿಂದ ಅರ್ಧ ಕೆಜಿ ಸಿಲಿಕಾ ಜೆಲ್ ತಾ. ಇಲ್ಲಿ ಸಿಗುತ್ತಿಲ್ಲ.

ನಿನ್ನ ಮಾವ