100 ವ್ಯಾಟ್ ಪವರ್ ಬ್ಯಾಂಕ್, 60 ವ್ಯಾಟ್ ಕೇಬಲ್: ಗ್ರಾಹಕ ಸೇವಾ ವಿಭಾಗಕ್ಕೆ ಒಂದು ದೂರು

ಇಂದ,
ನಿಮ್ಮ ಗ್ರಾಹಕ,
ಮಲ್ಲೇಶ್ವರ, ಬೆಂಗಳೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಪವರ್ ಬ್ಯಾಂಕಿನೊಂದಿಗೆ ಕೊಟ್ಟಿರುವ ಯುಎಸ್‌ಬಿ-ಸಿ ಕೇಬಲ್ 100 ವ್ಯಾಟ್ ಹರಿಸಲಾರದ್ದು ಮತ್ತು ಮೂರು ಬಾರಿ ದೂರಿದರೂ ತಪ್ಪನ್ನು ನನ್ನ ಲ್ಯಾಪ್‌ಟಾಪಿನ ಮೇಲೆ ಹೊರಿಸಿರುವುದು.

ಮಾನ್ಯರೇ,

ಕಳೆದ ಏಪ್ರಿಲ್ ಮೊದಲ ವಾರದಲ್ಲಿ ಜಯನಗರ 4ನೇ ಬ್ಲಾಕಿನ ಅಂಗಡಿಯೊಂದರಲ್ಲಿ ನಿಮ್ಮ ಕಂಪನಿಯ 25,000 ಎಂಎಎಚ್ ಪವರ್ ಬ್ಯಾಂಕನ್ನು 5,499 ರೂಪಾಯಿ ಕೊಟ್ಟು ಕೊಂಡೆ. ಮನೆಯಲ್ಲಿ ಕುಳಿತು ವಿಡಿಯೊ ಸಂಕಲನ ಮಾಡುವುದು ನನ್ನ ವೃತ್ತಿ. ಮುಂಗಾರುಪೂರ್ವ ಮಳೆ ಶುರುವಾಯಿತೆಂದರೆ ನಮ್ಮ ಅಡ್ಡರಸ್ತೆಯಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದು, ಸಂಜೆ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತದೆ. ಆಗ ಕೈಲಿರುವ ಕೆಲಸವನ್ನಾದರೂ ಮುಗಿಸಿ ಕಳುಹಿಸಲು ಆಗಲಿ ಎಂಬ ಒಂದೇ ಉದ್ದೇಶದಿಂದ, ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿದ್ದ 100 ವ್ಯಾಟ್ ಲ್ಯಾಪ್‌ಟಾಪ್ ಫಾಸ್ಟ್ ಚಾರ್ಜಿಂಗ್, ಕೇಬಲ್ ಸಹಿತ ಎಂಬ ಮಾತನ್ನು ನಂಬಿ ಇದನ್ನು ಆರಿಸಿಕೊಂಡೆ. 25,000 ಎಂಎಎಚ್ ಎಂದರೆ, ಒಳಗಿನ ಬ್ಯಾಟರಿಯ 3.7 ವೋಲ್ಟ್ ಲೆಕ್ಕದಲ್ಲಿ, 92.5 ವ್ಯಾಟ್-ಅವರ್. ಪರಿವರ್ತನೆಯ ನಷ್ಟ ಕಳೆದರೆ 100 ವ್ಯಾಟಿನ ಪೂರ್ಣ ವೇಗದಲ್ಲಿ ಒಂದು ಗಂಟೆಯೂ ಬಾರದು ಎಂಬುದು ಗೊತ್ತಿದ್ದೇ ಕೊಂಡೆ. ಆ ಒಂದು ಗಂಟೆಯೊಳಗಿನ ವೇಗವೇ ನನಗೆ ಬೇಕಾಗಿದ್ದದ್ದು.

ನನ್ನ ಲ್ಯಾಪ್‌ಟಾಪಿನ ಸ್ವಂತ ಅಡಾಪ್ಟರ್ 20 ವೋಲ್ಟ್, 5 ಆಂಪಿಯರ್‌ನದು, ಅಂದರೆ 100 ವ್ಯಾಟ್. ನಿಮ್ಮ ಪವರ್ ಬ್ಯಾಂಕನ್ನು ನಿಮ್ಮದೇ ಕೇಬಲ್ ಮೂಲಕ ಜೋಡಿಸಿದ ಕೂಡಲೇ, ಚಾರ್ಜರ್‌ನ ಶಕ್ತಿ ಸಾಲದು ಎಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿದರಂತೂ ಚಾರ್ಜಿಂಗ್ ಚಿಹ್ನೆ ಉರಿಯುತ್ತಿರುವಾಗಲೇ ಬ್ಯಾಟರಿ ಇಳಿಯತೊಡಗಿತು. (ಮೊದಲ ದಿನ ಲ್ಯಾಪ್‌ಟಾಪೇ ಪವರ್ ಬ್ಯಾಂಕಿಗೆ ಚಾರ್ಜ್ ಕೊಡುತ್ತಿತ್ತು. ಸಿ ಪೋರ್ಟ್ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುವುದರಿಂದ ಹೀಗಾಗುವುದುಂಟು. ಪಕ್ಕದ ಗುಂಡಿ ಒತ್ತಿದಾಗ ಅದು ಸರಿಹೋಯಿತು, ಅದನ್ನು ಈ ದೂರಿನಲ್ಲಿ ಸೇರಿಸುತ್ತಿಲ್ಲ.)

ನಿಮ್ಮ ಸಹಾಯವಾಣಿಗೆ ಮೊದಲ ಸಲ ಕರೆ ಮಾಡಿದಾಗ, ಲ್ಯಾಪ್‌ಟಾಪ್ ನಮ್ಮ ಉತ್ಪನ್ನಕ್ಕೆ ಹೊಂದುವುದಿಲ್ಲ, ಅದನ್ನು ಪರೀಕ್ಷೆ ಮಾಡಿಸಿ ಎಂದರು. ಒಂದು ಕೆಲಸದ ದಿನವನ್ನು ಬಿಟ್ಟು ಸರ್ವಿಸ್ ಸೆಂಟರಿಗೆ ಹೋಗಿ, ಪರೀಕ್ಷಾ ಶುಲ್ಕ 500 ರೂಪಾಯಿ ಮತ್ತು ಶೇ 18 ಜಿಎಸ್‌ಟಿ ಸೇರಿ 590 ರೂಪಾಯಿ ಕಟ್ಟಿದೆ. ಲ್ಯಾಪ್‌ಟಾಪಿನಲ್ಲಿ ದೋಷವಿಲ್ಲವೆಂದು ಬರೆದುಕೊಟ್ಟರು. ಆ ವರದಿಯನ್ನು ಕಳುಹಿಸಿ ಎರಡನೆಯ ಸಲ ದೂರಿದ ಮೇಲೆ ಪವರ್ ಬ್ಯಾಂಕನ್ನು ಬದಲಿಸಿಕೊಟ್ಟಿರಿ, ಅದಕ್ಕೆ ಋಣಿಯಾಗಿದ್ದೇನೆ. ಆದರೆ ಹೊಸದರ ಪೆಟ್ಟಿಗೆಯಲ್ಲಿಯೂ ಅದೇ ಕೇಬಲ್ ಇತ್ತು, ಅದೇ ಎಚ್ಚರಿಕೆ ಮತ್ತೆ ಬಂತು. ಎರಡು ಪವರ್ ಬ್ಯಾಂಕುಗಳಿಗೂ ಒಂದೇ ಕಾಯಿಲೆ ಇರಲಾರದು ಎಂದು ನನಗೆ ಅನುಮಾನ ಬಂದದ್ದು ಆಗಲೇ.

ಮರುದಿನ ಎಸ್.ಪಿ. ರಸ್ತೆಗೆ ಹೋಗಿ ವೋಲ್ಟೇಜ್ ಮತ್ತು ಕರೆಂಟನ್ನು ತೋರಿಸುವ, ಕೇಬಲ್ಲಿನೊಳಗೆ ಚಿಪ್ ಇದೆಯೇ ಎಂದೂ ಹೇಳಬಲ್ಲ ಯುಎಸ್‌ಬಿ-ಸಿ ಮೀಟರ್ ಒಂದನ್ನು ತಂದೆ. ನಿಮ್ಮ ಕೇಬಲ್ ಮೂಲಕ ಮೀಟರ್ ತೋರಿಸಿದ್ದು 19.6 ವೋಲ್ಟ್, 2.95 ಆಂಪಿಯರ್. ಅಂದರೆ ಸುಮಾರು 58 ವ್ಯಾಟ್. ಅದೇ ಪವರ್ ಬ್ಯಾಂಕು, ಅದೇ ಪೋರ್ಟು, ಅದೇ ಲ್ಯಾಪ್‌ಟಾಪು. ಕೇಬಲ್ ಮಾತ್ರ ಬದಲಿಸಿ ನನ್ನ ಅಡಾಪ್ಟರಿನದನ್ನು ಹಾಕಿದಾಗ 19.5 ವೋಲ್ಟ್, 4.6 ಆಂಪಿಯರ್, ಅಂದರೆ ಸುಮಾರು 90 ವ್ಯಾಟ್ ಬಂತು. ಎಚ್ಚರಿಕೆ ಮಾಯವಾಯಿತು, ಎಕ್ಸ್‌ಪೋರ್ಟ್ ನಡೆಯುತ್ತಿರುವಾಗಲೂ ಬ್ಯಾಟರಿ ಏರುತ್ತಲೇ ಹೋಯಿತು.

ಕಾರಣ ನಿಮ್ಮ ತಂತ್ರಜ್ಞರಿಗೆ ತಿಳಿಯದ್ದೇನಲ್ಲ. ಯುಎಸ್‌ಬಿ ಪವರ್ ಡೆಲಿವರಿ ಪದ್ಧತಿಯಲ್ಲಿ ಪವರ್ ಬ್ಯಾಂಕು 5, 9, 15, 20 ವೋಲ್ಟ್‌ಗಳಲ್ಲಿ ತನ್ನಿಂದ ಎಷ್ಟು ಸಾಧ್ಯವೆಂದು ಮೊದಲು ತಿಳಿಸುತ್ತದೆ, ಲ್ಯಾಪ್‌ಟಾಪ್ ಅದರಲ್ಲಿ ತನಗೆ ಬೇಕಾದುದನ್ನು ಕೇಳಿ ಪಡೆಯುತ್ತದೆ. ಆದರೆ 3 ಆಂಪಿಯರ್ ಮೀರಬೇಕಾದರೆ, ತಾನು 5 ಆಂಪಿಯರ್ ತಾಳಬಲ್ಲೆನೆಂದು ನಡುವಿನ ಕೇಬಲ್ಲೂ ಹೇಳಬೇಕು, ಹಾಗೆ ಹೇಳಲು ಅದರ ಪ್ಲಗ್ಗಿನೊಳಗೆ ಇ-ಮಾರ್ಕರ್ ಎಂಬ ಪುಟ್ಟ ಚಿಪ್ ಇರಬೇಕು. ಅದಿಲ್ಲದಿದ್ದರೆ ಪವರ್ ಬ್ಯಾಂಕು 20 ವೋಲ್ಟ್, 3 ಆಂಪಿಯರ್‌ಗೆ, ಎಂದರೆ 60 ವ್ಯಾಟ್‌ಗೆ ನಿಂತುಬಿಡುತ್ತದೆ. ತಂತಿ ಕಾಯದಿರಲೆಂದು ಮಾಡಿದ ಈ ನಿಯಮವನ್ನು ನಿಮ್ಮ ಪವರ್ ಬ್ಯಾಂಕು ಸರಿಯಾಗಿಯೇ ಪಾಲಿಸುತ್ತಿದೆ. ನೀವು ಕೊಟ್ಟ ಕೇಬಲ್ಲಿನಲ್ಲಿ ಆ ಚಿಪ್ ಇಲ್ಲ ಎಂದು ಮೀಟರ್ ಸ್ಪಷ್ಟವಾಗಿ ತೋರಿಸುತ್ತದೆ. ಪ್ರಮಾಣಿತ ಕೇಬಲ್‌ಗಳ ಮೇಲೆ 60 ವ್ಯಾಟ್ ಅಥವಾ 240 ವ್ಯಾಟ್ ಎಂದು ತೋರಿಸುವ ಲಾಂಛನಗಳನ್ನು 2021ರಲ್ಲೇ ಪ್ರಕಟಿಸಲಾಗಿದೆ, ನಿಮ್ಮ ಕೇಬಲ್ಲಿನ ಮೇಲಾಗಲಿ ಪೆಟ್ಟಿಗೆಯ ಮೇಲಾಗಲಿ ಅಂಥ ಯಾವ ಗುರುತೂ ಇಲ್ಲ.

ಇಷ್ಟನ್ನೂ ವಿವರಿಸಿ ಬರೆದ ಮೂರನೆಯ ದೂರಿಗೆ, ಲ್ಯಾಪ್‌ಟಾಪ್ ಹೊಂದುವುದಿಲ್ಲ ಎಂಬ ಮೊದಲ ದಿನದ ವಾಕ್ಯವೇ ಅಕ್ಷರವೂ ಬದಲಾಗದೆ ಉತ್ತರವಾಗಿ ಬಂತು. ನನಗೆ ಹೆಚ್ಚು ನೋವಾದದ್ದು ಇದರಿಂದ. ಮೀಟರ್ ಕೊಳ್ಳಲಾಗದ, ಆಂಪಿಯರ್ ಲೆಕ್ಕ ಗೊತ್ತಿಲ್ಲದ ಗ್ರಾಹಕರು ಈ ಉತ್ತರವನ್ನು ನಂಬಿ, ಚೆನ್ನಾಗಿರುವ ಲ್ಯಾಪ್‌ಟಾಪಿನ ರಿಪೇರಿಗೆ ಹಣ ಸುರಿಯುತ್ತಾರೆ.

ಆದ್ದರಿಂದ, ಈ ಪತ್ರ ತಲುಪಿದ 15 ದಿನಗಳೊಳಗೆ ಇ-ಮಾರ್ಕರ್ ಇರುವ 5 ಆಂಪಿಯರ್ ಕೇಬಲ್ ಒಂದನ್ನು ಕಳುಹಿಸಬೇಕೆಂದೂ, ನಿಮ್ಮ ಸಲಹೆಯಂತೆ ನಾನು ತೆತ್ತ 590 ರೂಪಾಯಿಯನ್ನು ಮರಳಿಸಬೇಕೆಂದೂ ಕೋರುತ್ತೇನೆ. ಮೀಟರಿನ ಬೆಲೆಯನ್ನು ಕೇಳುತ್ತಿಲ್ಲ, ಅದು ನನ್ನ ಸಮಾಧಾನಕ್ಕೆ ಕೊಂಡದ್ದು. ಜೊತೆಗೆ, ಮುಂದಿನ ಪೆಟ್ಟಿಗೆಗಳಲ್ಲಿ ಸರಿಯಾದ ಕೇಬಲ್ ಇಡಿ, ಇಲ್ಲವೇ ಒಳಗಿರುವ ಕೇಬಲ್ 60 ವ್ಯಾಟಿನದು ಎಂದು 100 ವ್ಯಾಟ್ ಎಂಬ ಬರಹದ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರಗಳಲ್ಲಿ ಮುದ್ರಿಸಿ. ಕರೆ ಸ್ವೀಕರಿಸುವ ಸಿಬ್ಬಂದಿ, ಲ್ಯಾಪ್‌ಟಾಪಿನ ಮಾತೆತ್ತುವ ಮುನ್ನ ಬೇರೆ ಕೇಬಲ್ ಹಾಕಿ ನೋಡಿ ಎಂದು ಹೇಳುವಂತಾಗಲಿ.

ಉತ್ಪನ್ನದ ಬಗ್ಗೆ ಮುಖ್ಯವಾದ ಮಾಹಿತಿಯನ್ನು ಬೇಕೆಂದೇ ಮರೆಮಾಚುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದಾರಿತಪ್ಪಿಸುವ ಜಾಹೀರಾತೆಂದೇ ಪರಿಗಣಿಸುತ್ತದೆ. ನಿಗದಿತ ಅವಧಿಯಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ನಂತರ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಹೋಗುತ್ತೇನೆ.

ಖರೀದಿಯ ರಸೀದಿ, ಸರ್ವಿಸ್ ಸೆಂಟರಿನ ವರದಿ, ಎರಡೂ ಕೇಬಲ್‌ಗಳೊಂದಿಗೆ ತೆಗೆದ ಮೀಟರಿನ ಚಿತ್ರಗಳು ಹಾಗೂ ನಿಮ್ಮ ಮೂರೂ ಉತ್ತರಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ನಿಮ್ಮ ಕೇಬಲ್ಲನ್ನು ಹಾಗೆಯೇ ತೆಗೆದಿರಿಸಿದ್ದೇನೆ, ಪರೀಕ್ಷೆಗೆ ಬೇಕೆಂದರೆ ಕಳುಹಿಸಿಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ